ಬೇವಿನ ಬುಡದ ನೀಲಿ ಮಾತ್ರೆಗಳು

ಯಾದಗಿರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ಗೆ ಆಪ್ತ ಸಮಾಲೋಚಕಿಯಾಗಿ ಸೇರಿದ ಹೊಸದರಲ್ಲಿ ನನ್ನ ಲೆಕ್ಕ ಸರಳವಾಗಿತ್ತು. ಪ್ರೌಢಶಾಲೆಗೆ ಹೋಗಿ ಚಿತ್ರಪಟ ತೂಗುಹಾಕಿ, ಮುಟ್ಟು, ಗರ್ಭ, ರಕ್ತಹೀನತೆಯ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿ, ಸಹಿ ಹಾಕಿಸಿಕೊಂಡು ಬರುವುದು. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ನಮೂನೆ ತುಂಬಲು ಅಷ್ಟು ಸಾಕಾಗುತ್ತಿತ್ತು. ಹುಡುಗಿಯರು ತಲೆ ತಗ್ಗಿಸಿ ಕೂರುತ್ತಿದ್ದರು. ಗಮನವಿಟ್ಟು ಕೇಳುತ್ತಿದ್ದಾರೆ ಎಂದುಕೊಂಡಿದ್ದೆ.

ಒಂದು ಸೋಮವಾರ ಶಾಲೆಯ ಹಿಂದಿನ ಬೇವಿನ ಬುಡದಲ್ಲಿ, ರಕ್ತಹೀನತೆ ತಡೆಯಲು ಶಾಲೆಯಲ್ಲಿ ಸೋಮವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಗಳು ಬಿದ್ದಿದ್ದವು. ಕೆಲವನ್ನು ಬಾಯಿಗೆ ಹಾಕಿಕೊಂಡು ಉಗುಳಿದ್ದರು. ಬಣ್ಣ ಅರ್ಧ ಬಿಟ್ಟಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕೇಳಿದರೆ, "ಇದನ್ನು ತಿಂದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಅಜ್ಜಿ ಹೇಳಿದ್ದಾಳೆ, ಮೇಡಂ" ಎಂದಳು. ಎಳೆ ವಯಸ್ಸಿಗೆ ಬಸಿರು ಬೇಡ ಎಂದು ಹೇಳಲು ಬಂದವಳು ನಾನು. ಬಸಿರೇ ನಿಲ್ಲದೆ ಹೋದೀತು ಎಂಬ ಹೆದರಿಕೆ ಅವಳದು. ಮನೆಯಲ್ಲಿ ಆಗಲೇ ಗಂಡು ಹುಡುಕುತ್ತಿದ್ದರು.

ನಮ್ಮ ಕಡೆ ಎಳೆ ಬಸಿರು ಹೆಚ್ಚಾಗಿ ತಾಳಿಯ ಹಿಂದೆಯೇ ಬರುತ್ತದೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಯಾರಿಗೆ ಪಾಠ ಹೇಳಬೇಕೋ ಅವರೇ ತರಗತಿಯಲ್ಲಿ ಇರುವುದಿಲ್ಲ. ಆಮೇಲೆ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಬೆಳೆದ ಮಗಳನ್ನು ಯಾರ ಹತ್ತಿರ ಬಿಡುವುದು ಎಂಬ ಚಿಂತೆಗೆ ಮದುವೆಯೇ ಬೀಗ.

ಹಾಗಾಗಿ ಆಶಾ ಕಾರ್ಯಕರ್ತೆಯ ಜೊತೆ ಹೊಲಕ್ಕೇ ಹೋದೆ, ಬುತ್ತಿ ಬಿಚ್ಚುವ ಹೊತ್ತಿಗೆ. ಚಿತ್ರಪಟ ಒಯ್ಯಲಿಲ್ಲ. ಮೊದಲ ಹೆರಿಗೆ ಎಷ್ಟನೆಯ ವಯಸ್ಸಿಗೆ ಆಯಿತು ಎಂದು ತಾಯಂದಿರನ್ನು ಕೇಳಿದೆ. ನಕ್ಕರು. ಆಮೇಲೆ ಒಬ್ಬಾಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಎರಡು ದಿನ ನೋವು ತಿಂದು ಸತ್ತ ಕೂಸನ್ನು ಹೆತ್ತದ್ದನ್ನು ಹೇಳಿದಳು. ಪಕ್ಕದಲ್ಲಿದ್ದ ಮಗಳಿಗೂ ಅದು ಗೊತ್ತಿರಲಿಲ್ಲ. 18 ತುಂಬದ ಹುಡುಗಿಯ ಮದುವೆ ನಮ್ಮ ರಾಜ್ಯದಲ್ಲಿ ಅಸಿಂಧು ಎಂಬುದನ್ನೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದೆಂಬುದನ್ನೂ ಆಗ ಹೇಳಿದೆ. ಹೊಸದಾಗಿ ಮದುವೆಯಾದವರಿಗೆ ಬಸಿರು ಮುಂದೂಡುವ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆಯ ವಿಷಯ ಹೇಳಿದೆ.

ಬಗೆಹರಿಯದ ತೊಡಕೊಂದು ಉಳಿದಿದೆ. 18 ತುಂಬದ ಬಸುರಿ ಆಸ್ಪತ್ರೆಗೆ ಬಂದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೆ ಹೆದರಿ ಮನೆಯವರು ಬಸುರಿಯರಿಗೆ ಕೊಡುವ ‘ತಾಯಿ ಕಾರ್ಡ್’ ಮಾಡಿಸದೆ ಬಚ್ಚಿಡುತ್ತಾರೆ, ಇಲ್ಲವೇ ವಯಸ್ಸು 19 ಎನ್ನುತ್ತಾರೆ. ಕಾಯ್ದೆ ಬೇಡ ಎನ್ನಲಾರೆ. ಬಚ್ಚಿಟ್ಟ ಹುಡುಗಿಯ ರಕ್ತಹೀನತೆಯನ್ನು ನೋಡುವವರು ಯಾರು?

ಆ ಅಜ್ಜಿಯ ಮನೆಗೂ ಹೋಗಿದ್ದೆ. ಕಟ್ಟೆಯ ಮೇಲೆ ಕುಳಿತು ಅವಳ ಎದುರಿಗೇ ಒಂದು ನೀಲಿ ಮಾತ್ರೆ ನುಂಗಿದೆ.

"ನಿನಗೆ ಮಕ್ಕಳೆಷ್ಟವ್ವಾ?"

"ಇಬ್ಬರು, ಅಮ್ಮಾ."

ಮೊಮ್ಮಗಳು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಸೋಮವಾರಗಳಂದು ಬೇವಿನ ಬುಡವನ್ನು ಈಗಲೂ ಒಮ್ಮೆ ನೋಡಿಯೇ ತರಗತಿಗೆ ಹೋಗುತ್ತೇನೆ. ಕಳೆದ ವಾರ ಮೂರು ಮಾತ್ರೆ ಸಿಕ್ಕವು.