ಪಬ್ಬು ಬಿಟ್ಟೆವು, ಬ್ಯಾಂಡು ಉಳಿಯಿತು

ಕಳೆದ ತಿಂಗಳು ನಮ್ಮ ಬ್ಯಾಂಡಿನ ಸಾಲ ತೀರಿತು. ಒಟ್ಟು ಎರಡು ಲಕ್ಷದ ಹತ್ತಿರ ಇತ್ತು. ಶುರು ಮಾಡಿ 11 ವರ್ಷ ಆಯಿತು. "14 ನಿಮಿಷದ ಹಾಡು, ಮಾತು ಬರೋದು ಒಂಬತ್ತನೇ ನಿಮಿಷಕ್ಕೆ, ಅದೂ ಕನ್ನಡದಲ್ಲಿ. ಯಾರು ಕೇಳ್ತಾರೆ?" ಅಂತ ಕೇಳಿದವರಿಗೆಲ್ಲ ಉತ್ತರ ಸಿಕ್ಕಿದೆ. ಹೇಗೆ ಅಂತ ಬರೆಯುತ್ತಿದ್ದೇನೆ, ಬ್ಯಾಂಡು ಕಟ್ಟಿಕೊಂಡಿರುವ ನಿಮ್ಮಲ್ಲಿ ಕೆಲವರಿಗಾದರೂ ಉಪಯೋಗ ಆಗಬಹುದು.

ಮೊದಲು ಕಳೆದುಕೊಂಡದ್ದನ್ನು ಹೇಳುತ್ತೇನೆ. ಮೊದಲ ಆಲ್ಬಂ ಗಂಟೆ ಲೆಕ್ಕದ ಸ್ಟುಡಿಯೋದಲ್ಲಿ ಮಾಡಿದೆವು. ಸುಮಾರು ಒಂದೂವರೆ ಲಕ್ಷ ಹೋಯಿತು. ಗಡಿಯಾರ ನೋಡುತ್ತಾ ನುಡಿಸಿದರೆ ನಮ್ಮಂಥ ಸಂಗೀತ ಆಗುವುದೇ ಇಲ್ಲ. ಮಿಕ್ಸ್ ಮಾಡಿದವರು ಗಿಟಾರಿನ ಗದ್ದಲವನ್ನೆಲ್ಲ ತಪ್ಪು ಅಂದುಕೊಂಡು ಒರೆಸಿಬಿಟ್ಟರು. ನಮಗೆ ಬೇಕಿದ್ದದ್ದೇ ಆ ಗದ್ದಲ! 500 ಸಿಡಿ ಹಾಕಿಸಿದೆವು, 120 ಹೋಯಿತೋ ಏನೋ. ಉಳಿದವು ಇನ್ನೂ ನಮ್ಮನೆ ಅಟ್ಟದಲ್ಲಿವೆ.

ಆಮೇಲೆ ಪಬ್ಬುಗಳು. "ಸಾರ್, ಗೊತ್ತಿರೋದು ಒಂದೆರಡು ಹಾಡಿ" ಅನ್ನುವ ಮ್ಯಾನೇಜರ್, ನಾಲ್ಕು ತಿಂಗಳಾದರೂ ಬರದ ದುಡ್ಡು, ಇದೆಲ್ಲ ನಿಮಗೂ ಗೊತ್ತಿದ್ದದ್ದೇ. ಬೆಂಗಳೂರಲ್ಲಿ ಸ್ವಂತ ಹಾಡು ಹಿಡಿದು ನಿಂತವರು ನಮಗಿಂತ ಮುಂಚೆಯೂ ಇದ್ದರು. 1996ರಿಂದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡು ಇದೆ, 2002ರಿಂದ ಸ್ವರಾತ್ಮ ಬ್ಯಾಂಡು ಇದೆ. ಆದರೆ ಅವರ ಹಾಡಿಗೆ ಜನ ಕುಣಿಯುತ್ತಾರೆ. ನಮ್ಮದಕ್ಕೆ ಸುಮ್ನೆ ಕೂತು ಕೇಳಬೇಕು. ಪಬ್ಬಿನಲ್ಲಿ ಯಾರು ಸುಮ್ನೆ ಕೂರುತ್ತಾರೆ?

ದಾರಿ ತೋರಿಸಿದ್ದು ನಮ್ಮ ಡ್ರಮ್ಮರ್. ಅವನು ನಾಟಕಗಳಿಗೆ ಲೈಟ್ ಮಾಡುತ್ತಾನೆ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ನಾಟಕ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಿದೆ, ಜನ ಟಿಕೆಟ್ ಕೊಂಡು ಎರಡು ಗಂಟೆ ಸದ್ದಿಲ್ಲದೆ ಕೂತು ನೋಡುತ್ತಾರೆ. "ಅದೇ ಜನ ನಮ್ಮನ್ನೂ ಕೇಳ್ತಾರೆ ಕಣೋ" ಅಂದ. ನಾನು ನಂಬಲಿಲ್ಲ. ಬೇರೆ ಬ್ಯಾಂಡಿನ ಗೆಳೆಯರಂತೂ ನಕ್ಕರು. ಆದರೂ ಪಬ್ಬು ಬಿಟ್ಟು, ಊರೂರಿನ ರಂಗತಂಡಗಳು ಕರೆಸಿದ ಕಡೆ ನುಡಿಸಲು ಹೊರಟೆವು.

ಸೆಕೆಂಡ್ ಹ್ಯಾಂಡಿನಲ್ಲಿ ಎರಡು 12 ಇಂಚಿನ ಸ್ಪೀಕರು, ಒಂದು ಸಣ್ಣ ಸೌಂಡ್ ಮಿಕ್ಸರ್ ತೆಗೆದುಕೊಂಡೆವು, 38 ಸಾವಿರದ ಹತ್ತಿರ ಆಯಿತು. ಹಳೇ ಟವೇರಾದಲ್ಲಿ ನಾಲ್ಕು ಜನ, ಅರ್ಧ ಡ್ರಮ್ ಕಿಟ್, ಒಂದು ಡೊಳ್ಳು. 80 ಜನಕ್ಕಿಂತ ಜಾಸ್ತಿ ಹಿಡಿಯುವ ಹಾಲ್ ಬೇಡ. ಎಲ್ಲರಿಗೂ ಕುರ್ಚಿ ಅಥವಾ ಜಮಖಾನ. ಟಿಕೆಟ್ 150 ರೂಪಾಯಿ, ಯಾವ ಊರಾದರೂ ಅಷ್ಟೇ. ಅಮೆರಿಕದ ಫುಗಾಜಿ ಬ್ಯಾಂಡು ವರ್ಷಗಟ್ಟಲೆ ಐದು ಡಾಲರ್ ಆಸುಪಾಸಿನ ಟಿಕೆಟ್ಟಿನಲ್ಲೇ ನುಡಿಸಿತ್ತು, ಆ ಹಟ ನನಗೆ ತುಂಬಾ ಇಷ್ಟ. ಬಂದದ್ದರಲ್ಲಿ ಮೂರನೇ ಒಂದು ಪಾಲು ಕರೆಸಿದ ರಂಗತಂಡಕ್ಕೆ, ಅದೂ ಮೊದಲು ಅವರಿಗೆ. ಅದಕ್ಕೇ ಅವರು ಮತ್ತೆ ಮತ್ತೆ ಕರೆಯುತ್ತಾರೆ.

ಸರಾಸರಿ 55 ಜನ ಬರುತ್ತಾರೆ. ಪಾಲು, ಡೀಸೆಲ್ಲು, ಊಟ ಕಳೆದರೆ ಎರಡೂವರೆ ಸಾವಿರ ಉಳಿಯುತ್ತದೆ. ಇಷ್ಟರಿಂದ ಸಾಲ ತೀರುತ್ತಿರಲಿಲ್ಲ. ತೀರಿಸಿದ್ದು ಹಾಡಿನ ಪುಸ್ತಕ. ಹಿಂದೆ ಟಾಕೀಸಿನ ಹೊರಗೆ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಹಾಗೆ. 24 ಪುಟ, ಒಳಗೆ ಹಾಡುಗಳು, ಹಿಂದೆ ಆಲ್ಬಂ ಇಳಿಸಿಕೊಳ್ಳಲು ಕೋಡ್. ಅಚ್ಚಿಗೆ 22 ರೂಪಾಯಿ, ಮಾರೋದು ನೂರಕ್ಕೆ. ನಾಟಕ ನೋಡುವ ಜನ ಪುಸ್ತಕ ಕೊಳ್ಳುತ್ತಾರೆ! ಒಂದು ಸಂಜೆಗೆ 30 ಹೋಗುತ್ತದೆ. ಸ್ಟ್ರೀಮಿಂಗಿನಲ್ಲಿ ಎರಡು ವರ್ಷಕ್ಕೆ 40 ಸಾವಿರ ಸಲ ಕೇಳಿದ್ದಕ್ಕೆ ಬಂದದ್ದು ಮೂರು ಸಾವಿರ ಚಿಲ್ಲರೆ. ಇತ್ತ ಪುಸ್ತಕದ ಲಾಭ ಒಂದೇ ಸಂಜೆಗೆ ಎರಡು ಸಾವಿರ ದಾಟುತ್ತದೆ. ಲಾಕ್‌ಡೌನ್ ಮುಗಿದ ಮೇಲೆ ಇಂಥ 60 ಸಂಜೆ ಮಾಡಿರಬಹುದು.

ಇನ್ನು ಹಮ್ ವಿಷಯ, ಅಂದರೆ ಕರೆಂಟಿನಿಂದಾಗಿ ಗಿಟಾರಿನ ಆಂಪ್ಲಿಫೈಯರಿನಲ್ಲಿ (ಆಂಪ್) ಕೇಳುವ ಗುಂಯ್ ಸದ್ದು. ಹಳೇ ಶಾಲೆ, ಸಮುದಾಯ ಭವನಗಳಲ್ಲಿ ಅರ್ಥಿಂಗ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನನ್ನದು ಸಿಂಗಲ್ ಕಾಯಿಲ್ ಗಿಟಾರ್ ಬೇರೆ, ಅದು ಹಮ್ಮನ್ನು ಬೇಗ ಹಿಡಿಯುತ್ತದೆ. ಮೊದಲ ವರ್ಷ ಪೂರ್ತಿ ಆ ಗುಂಯ್‌ ಸದ್ದಿನ ಜೊತೆ ಗುದ್ದಾಡಿದೆ. ಒಂದು ರಾತ್ರಿ ಹೊಳೆಯಿತು: ನಮ್ಮ ಕರೆಂಟು 50 ಹರ್ಟ್ಸ್, ಕೆಳಗಿನ ಜಿ ಸ್ವರ 49. ವ್ಯತ್ಯಾಸ ಅಷ್ಟೇ! ಇಡೀ ಬ್ಯಾಂಡನ್ನೇ 35 ಸೆಂಟ್ಸ್, ಅಂದರೆ ಅರ್ಧ ಸ್ವರದ ಸುಮಾರು ಮೂರನೇ ಒಂದು ಭಾಗ, ಮೇಲಕ್ಕೆ ಟ್ಯೂನ್ ಮಾಡಿದೆವು, ಎ ಸ್ವರ 440 ಬದಲು 449. ಹಮ್ಮೇ ನಮ್ಮ ತಂಬೂರಿ ಆಯಿತು. ಆಂಪ್ ಕಡೆ ತಿರುಗಿ ನಿಂತರೆ ಹಮ್ಮಿನ ಸದ್ದು ಜೋರಾಗುತ್ತದೆ, ಪಕ್ಕಕ್ಕೆ ತಿರುಗಿದರೆ ಕರಗುತ್ತದೆ. ಈಗ ಹಾಡಿನ ಮೊದಲ ಮೂರು ನಿಮಿಷ ನಾನು ತಂತಿ ಮುಟ್ಟುವುದೇ ಇಲ್ಲ, ಸುಮ್ನೆ ನಿಧಾನಕ್ಕೆ ತಿರುಗುತ್ತೇನೆ. ಹಾಲ್‌ನಲ್ಲಿ ಒಂದು ಕೆಮ್ಮೂ ಕೇಳುವುದಿಲ್ಲ.

ಒಮ್ಮೆ ಹಾಡಿನ ನಡುವೆ ಕರೆಂಟ್ ಹೋಯಿತು. ಹಳೇ ಜನರೇಟರ್ ಹಚ್ಚಿದರು. ಅದು 50ರಲ್ಲಿ ಓಡುತ್ತಿರಲಿಲ್ಲ. ಶ್ರುತಿ ಮೇಲೆ ಹೋಯಿತು, ನಾವು ಕೆಳಗೇ ಉಳಿದೆವು. ಅವತ್ತು ಡೊಳ್ಳು ಒಂದೇ ನಮ್ಮನ್ನು ಕಾಪಾಡಿತು. ಈಗ ಅದಕ್ಕೊಂದು ಉಪಾಯ ಇದೆ. ಅದು ಮಾತ್ರ ನಮ್ಮಲ್ಲೇ ಇರಲಿ.

ಡೊಳ್ಳಿಗೆ ಬೆಂಗಳೂರಿನ ಎಸ್.ಪಿ. ರೋಡಿನ 15 ರೂಪಾಯಿ ಪೀಜೋ (ಕಂಪನ ಹಿಡಿದು ಮೈಕಿನಂತೆ ಕೆಲಸ ಮಾಡುವ ಬಿಲ್ಲೆ) ಅಂಟಿಸಿದ್ದೇವೆ. ನೇರ ಮಿಕ್ಸರಿಗೆ ಹಾಕಿದರೆ ಡಬ್ಬ ಬಡಿದಂತೆ ಕೇಳುತ್ತದೆ, ನಡುವೆ ಬಫರ್ ಅನ್ನುವ ಸಣ್ಣ ಸರ್ಕ್ಯೂಟ್ ಇರಲೇಬೇಕು. ಚರ್ಮದ ಮೇಲೆ ಎಲ್ಲಿ ಅಂಟಿಸಬೇಕು ಅಂತ ಹುಡುಕಲು ಎಂಟು ತಿಂಗಳು ಹಿಡಿಯಿತು, ಅದನ್ನೂ ನೀವೇ ಹುಡುಕಿ. ಅದೇ ಪೀಜೋವನ್ನು ಅಮ್ಮನ ರುಬ್ಬುವ ಕಲ್ಲಿಗೂ ಅಂಟಿಸಿ ನೋಡಿದೆ. ಒಣ ಕಲ್ಲು ಬರೀ ಕಿರುಗುಟ್ಟಿತು. ಉದ್ದಿನ ಬೇಳೆ ಹಾಕಿ ತಿರುಗಿಸಿದಾಗ ಮಾತ್ರ ದೂರದ ಗುಡುಗಿನಂಥ ಸದ್ದು ಬಂತು. ಅಮ್ಮ ಇಯರ್‌ಫೋನ್ ಹಾಕಿಕೊಂಡು ಕೇಳಿ, "ಇದು ನಮ್ಮ ಕಲ್ಲೇನೋ?" ಅಂದರು. ಎರಡನೇ ಆಲ್ಬಂ ಶುರುವಾಗುವುದೇ ಆ ಸದ್ದಿನಿಂದ. ಅದನ್ನು ಮನೆಯಲ್ಲೇ ರೆಕಾರ್ಡ್ ಮಾಡಿದೆವು, ಎಲ್ಲಾ ಸೇರಿ 20 ಸಾವಿರವೂ ಆಗಲಿಲ್ಲ.

ನಾಲ್ವರೂ ಇನ್ನೂ ಕೆಲಸಕ್ಕೆ ಹೋಗುತ್ತೇವೆ, ಶನಿವಾರ ಭಾನುವಾರ ಮಾತ್ರ ಊರೂರು. ಮುಂದಿನ ತಿಂಗಳು ಸಾಗರ, ಶಿರಸಿ, ಕುಮಟಾ. ಘಟ್ಟ ಇಳಿದರೆ ತೇವಕ್ಕೆ ಡೊಳ್ಳಿನ ಚರ್ಮ ಸಡಿಲವಾಗುತ್ತದೆ, ಪೀಜೋ ಕಳಚಿಕೊಳ್ಳುತ್ತದೆ. ಈ ವಾರ ಬೇರೆ ಗೋಂದು ಹಚ್ಚಿ ನೋಡುತ್ತಿದ್ದೇನೆ.