ಡಿಎಸ್‌ಪಿ ಎಷ್ಟು ಕರೆಂಟ್ ತಿನ್ನುತ್ತದೆ: ನಾನು ಲೆಕ್ಕ ಹಾಕಿದ ರೀತಿ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಗೆ ಸೆಲ್ ಮೇಲೆ ನಡೆಯುವ ಸಣ್ಣ ಡಬ್ಬಿ ಮಾಡುತ್ತಿದ್ದೆ. ಬ್ಲೋವರ್ ಬೇರಿಂಗ್ ಪಕ್ಕ ಕೂತು, 10 ನಿಮಿಷಕ್ಕೊಮ್ಮೆ ಎದ್ದು, ಅದುರುವಿಕೆ ಅಳೆದು, ಎಫ್‌ಎಫ್‌ಟಿ (ಅದುರುವಿಕೆಯಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ಬಿಡಿಸುವ ಲೆಕ್ಕ) ಮಾಡಿ ಮತ್ತೆ ಮಲಗುವುದು ಅದರ ಕೆಲಸ. ಒಳಗಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸಿ5535 ಎಂಬ ಡಿಎಸ್‌ಪಿ, ಅಂದರೆ ಸಿಗ್ನಲ್‌ಗಳ ಲೆಕ್ಕಕ್ಕೆಂದೇ ಮಾಡಿದ ಪ್ರೊಸೆಸರ್ ಚಿಪ್. ಅಲ್ಲಿನ ಮೇಂಟೆನೆನ್ಸ್ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಸೆಲ್ ಎಷ್ಟ್ ದಿನಾ ಬರ್ತಾವ್ರಿ? ಪದೇ ಪದೇ ಏಣಿ ಹತ್ತಾಕ ಆಗಂಗಿಲ್ಲ."

ಒಂದು ಮೆಗಾಹರ್ಟ್ಸ್‌ಗೆ ಇಷ್ಟು ಮಿಲಿವ್ಯಾಟ್ ಎಂದು ಚಿಪ್ ಕಂಪನಿಯ ಡೇಟಾಶೀಟ್ ಹೇಳುತ್ತದೆ. ಅದು ಚಿಪ್ ಓಡುವಾಗಿನ ಖರ್ಚು. ನಮ್ಮ ಡಬ್ಬಿ ಬಹುಪಾಲು ಮಲಗಿಯೇ ಇರುತ್ತದಲ್ವಾ? ಹಾಗಾಗಿ ಎರಡು ಖರ್ಚುಗಳನ್ನು ಬೇರೆ ಮಾಡಲೇಬೇಕಿತ್ತು. ಕ್ಲಾಕ್ (ಚಿಪ್‌ನ ಪ್ರತಿ ಹೆಜ್ಜೆಗೂ ತಾಳ ಹಾಕುವ ಸಿಗ್ನಲ್) ಓಡಿದಾಗ ಆಗುವ ಖರ್ಚು ಒಂದು. ಅದು ವೋಲ್ಟೇಜಿನ ವರ್ಗಕ್ಕೂ (ವೋಲ್ಟೇಜ್ × ವೋಲ್ಟೇಜ್) ಕ್ಲಾಕ್ ವೇಗಕ್ಕೂ ತಕ್ಕಂತೆ ಏರುತ್ತದೆ. ಕ್ಲಾಕ್ ನಿಂತರೂ ನಿಲ್ಲದ ಸೋರಿಕೆ ಇನ್ನೊಂದು.

ಅಳೆಯಲು ಕೋರ್‌ಗೆ, ಅಂದರೆ ಚಿಪ್‌ನ ಲೆಕ್ಕ ಮಾಡುವ ಭಾಗಕ್ಕೆ, ಹೋಗುವ ಸಪ್ಲೈ ದಾರಿಯಲ್ಲಿ ಶಂಟ್ ಎಂಬ ಸಣ್ಣ ರೆಸಿಸ್ಟರ್ ಹಾಕಿದೆ; ಅದರ ಮೇಲೆ ಬೀಳುವ ವೋಲ್ಟೇಜಿನಿಂದ ಕರೆಂಟ್ ತಿಳಿಯುತ್ತದೆ. ಇಲ್ಲಿ ಹುಷಾರಾಗಿರಬೇಕು. 1 ಓಮ್ ಶಂಟ್‌ನಲ್ಲಿ 40 ಮಿಲಿಆಂಪ್ ಹರಿದರೆ 40 ಮಿಲಿವೋಲ್ಟ್ ಅಲ್ಲೇ ಹೋಯಿತು. 1.05 ವೋಲ್ಟ್ ಕೋರ್‌ಗೆ ಅದು ಹೆಚ್ಚುಕಡಿಮೆ ಶೇ. 4. ಅದಕ್ಕೇ 0.1 ಓಮ್ ಇಟ್ಟು, ಆಂಪ್ಲಿಫೈಯರ್ ಮೂಲಕ ಆಸಿಲ್ಲೋಸ್ಕೋಪ್‌ನಲ್ಲಿ ನೋಡಿದೆ.

ವೋಲ್ಟೇಜ್ ಬದಲಿಸದೆ, ಒಂದೇ ಪ್ರೋಗ್ರಾಂ ಅನ್ನು ಬೇರೆ ಬೇರೆ ಕ್ಲಾಕ್‌ಗಳಲ್ಲಿ ಓಡಿಸಿದೆ. ಕ್ಲಾಕ್ ಅಡ್ಡಕ್ಕೆ, ಕರೆಂಟ್ ಉದ್ದಕ್ಕೆ ಇಟ್ಟು ಗ್ರಾಫ್ ಹಾಕಿದರೆ ನೇರ ಗೆರೆ ಬರುತ್ತದೆ. ಗೆರೆಯ ಇಳಿಜಾರು ಒಂದು ಮೆಗಾಹರ್ಟ್ಸ್‌ನ ಖರ್ಚು. ಕ್ಲಾಕ್ ಸೊನ್ನೆ ಇರುವಲ್ಲಿ ಗೆರೆ ಎಷ್ಟು ಎತ್ತರದಲ್ಲಿ ನಿಂತಿತೋ ಅದು ಸೋರಿಕೆ. ಈ ಸಾದಾ ಗೆರೆ ನನಗೆ ತುಂಬಾ ಇಷ್ಟ.

ಇಳಿಜಾರು ಪ್ರೋಗ್ರಾಂ ಮೇಲೂ ನಿಂತಿದೆ. ಒಂದೇ ಇನ್‌ಸ್ಟ್ರಕ್ಷನ್ ಅನ್ನು ಲೂಪ್‌ನಲ್ಲಿ ಓಡಿಸಿ ಕರೆಂಟ್ ಅಳೆಯುವ ದಾರಿಯನ್ನು ವಿವೇಕ್ ತಿವಾರಿ, ಶರದ್ ಮಲಿಕ್ ಮತ್ತು ಆಂಡ್ರ್ಯೂ ವೂಲ್ಫ್ 1994ರಲ್ಲೇ ತೋರಿಸಿದ್ದರು. ನಾನು ಅಷ್ಟು ಬಿಡಿಸಲಿಲ್ಲ. ಸುಮ್ನೆ ಕಾಯುವ ಲೂಪ್, ಫಿಲ್ಟರ್, ಮೆಮೊರಿ ಕಾಪಿ, ಎಫ್‌ಎಫ್‌ಟಿ ಇಷ್ಟನ್ನೇ ಬೇರೆ ಬೇರೆ ಅಳೆದೆ. ಇನ್‌ಪುಟ್‌ಗೆ ಬ್ಲೋವರ್‌ನದೇ ರೆಕಾರ್ಡಿಂಗ್ ಕೊಡಿ, ಬರೀ ಸೊನ್ನೆ ಕೊಡಬೇಡಿ. ಸೊನ್ನೆಗಳನ್ನು ಗುಣಿಸುವಾಗ ಒಳಗಿನ ಬಿಟ್‌ಗಳು ಹೆಚ್ಚು ಬದಲಾಗುವುದಿಲ್ಲ, ಖರ್ಚು ಕಡಿಮೆ ಕಾಣುತ್ತದೆ.

ಈ ಚಿಪ್ 1.05 ವೋಲ್ಟ್‌ನಲ್ಲಿ 50 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ. 100ಕ್ಕೆ 1.3 ವೋಲ್ಟ್ ಬೇಕು. ಅಷ್ಟೇ ಕೆಲಸಕ್ಕೆ ಸುಮಾರು 1.53 ಪಟ್ಟು ಶಕ್ತಿ! ನಮಗೆ ಅವಸರವಿರಲಿಲ್ಲ, 50ರಲ್ಲೇ ಇಟ್ಟೆ. ಇನ್ನೊಂದು ಮಾತು: ಲೀನಿಯರ್ ರೆಗ್ಯುಲೇಟರ್ (ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಕಳೆದು ಇಳಿಸುವ ಭಾಗ) ಇದ್ದರೆ ಕೋರ್‌ನ ಕರೆಂಟನ್ನು ಸೆಲ್‌ನ ವೋಲ್ಟೇಜಿನಿಂದಲೇ ಗುಣಿಸಬೇಕು. 3.3ರಿಂದ 1.05ಕ್ಕೆ ಇಳಿಸುವಾಗ ಮೂರರಲ್ಲಿ ಎರಡು ಪಾಲು ಬಿಸಿಯಾಗಿ ಹೋಗುತ್ತದೆ.

ಈಗ ಕಾಕಾನ ಪ್ರಶ್ನೆಗೆ ಬರೋಣ. ಎಚ್ಚರವಿದ್ದಾಗ 30 ಮಿಲಿಆಂಪ್, 600 ಸೆಕೆಂಡಿಗೆ 2 ಸೆಕೆಂಡ್ ಮಾತ್ರ ಎಚ್ಚರ ಎಂದಿಟ್ಟುಕೊಳ್ಳಿ. ಸರಾಸರಿ 0.1 ಮಿಲಿಆಂಪ್ ಆಯಿತು. ಮಲಗಿದಾಗಿನ ಕರೆಂಟ್ 0.2 ಇದ್ದರೆ ಸೆಲ್ ಖಾಲಿ ಮಾಡುವುದು ನಿದ್ದೆಯೇ. ಫೌಂಡ್ರಿಯಲ್ಲಿ ಈ ಸೋರಿಕೆ ಇನ್ನೂ ಜಾಸ್ತಿ, ಯಾಕೆಂದರೆ ಚಿಪ್ ಬಿಸಿಯಾದಷ್ಟೂ ಅದು ಜೋರಾಗಿ ಏರುತ್ತದೆ. ಟೇಬಲ್ ಮೇಲೆ ತಣ್ಣಗೆ ಕೂತಾಗ ಬಂದ ಅಂಕಿ ಕುಲುಮೆ ಹತ್ತಿರ ನಡೆಯುವುದಿಲ್ಲ. ಹಾಗಾಗಿ ಬೋರ್ಡನ್ನು ಬ್ಲೋವರ್ ಹತ್ತಿರದ ಬಿಸಿಗೇ ಕಾಯಿಸಿ ಸೋರಿಕೆಯನ್ನು ಮತ್ತೆ ಅಳೆದೆ. ಲೆಕ್ಕದಲ್ಲಿ ಹಾಕಿದ್ದು ಆ ಅಂಕಿಯನ್ನೇ.

ಕೋರ್‌ನ ಸಪ್ಲೈ ಪೂರ್ತಿ ತೆಗೆದು, ಸಮಯ ಎಣಿಸುವ ಗಡಿಯಾರದ ಭಾಗ ಮಾತ್ರ ಉಳಿಸುವ ಸೌಲಭ್ಯ ಈ ಚಿಪ್‌ನಲ್ಲಿದೆ. ಆದರೆ ಮೆಮೊರಿ ಅಳಿಸಿಹೋಗುತ್ತದೆ, ಪ್ರತಿಸಲ ಬೂಟ್ ಆಗಬೇಕು, ಅಂದರೆ ಪ್ರೋಗ್ರಾಂ ಮತ್ತೆ ತುಂಬಿಕೊಂಡು ಮೊದಲಿಂದ ಶುರುವಾಗಬೇಕು. ಬೂಟ್‌ಗೆ ತಗಲುವ ಶಕ್ತಿಯನ್ನು ಸೋರಿಕೆಯ ಪವರ್‌ನಿಂದ ಭಾಗಿಸಿದರೆ ಎಷ್ಟು ಹೊತ್ತಿಗಿಂತ ಹೆಚ್ಚು ಮಲಗಿದರೆ ಲಾಭ ಎಂದು ಸಿಗುತ್ತದೆ. ನಮ್ಮ 10 ನಿಮಿಷ ಆ ಗಡಿಯನ್ನು ಆರಾಮಾಗಿ ದಾಟಿತ್ತು. ಕೋರ್ ಆಫ್ ಮಾಡುವುದನ್ನೇ ಆರಿಸಿದೆ.