ಮಾತಿನ ಟ್ಯಾಬ್: ಕಾರವಾರ ಕಡೆಯ ನನ್ನ ಅನುಭವ

ಮಾತು ಬಾರದ ಆಟಿಸಂ ಮಕ್ಕಳಿಗೆ, ಚಿತ್ರದ ಗುಂಡಿ ಒತ್ತಿದರೆ ಅವರ ಪರವಾಗಿ ಮಾತಾಡುವ ಟ್ಯಾಬ್ ಹೊಂದಿಸಿಕೊಡುತ್ತೇನೆ. "ಟ್ಯಾಬ್ ಕೈಗೆ ಕೊಟ್ಟರೆ ಮಗು ಬಾಯಿ ಬಿಡೋದೇ ಇಲ್ಲ" ಎಂದು ತಡೆದವರೇ ಜಾಸ್ತಿ. ಈಗ ಅದೇ ಆಟಿಸಂ ಮಕ್ಕಳಲ್ಲಿ ಕೆಲವರು ಗುಂಡಿ ಒತ್ತುತ್ತಲೇ ಬಾಯಲ್ಲೂ 'ಬೇಡ' ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಂಟು ಇಂಚಿನ ಹಳೇ ಆಂಡ್ರಾಯ್ಡ್ ಟ್ಯಾಬ್ ಸಾಕು, ಆರೇಳು ಸಾವಿರದೊಳಗೆ ಸಿಗುತ್ತದೆ. ಗುಂಡಿ ಒತ್ತಿದರೆ ಮಾತಾಡುವ ಸಿಬೋರ್ಡ್ (Cboard) ಆ್ಯಪ್ ಉಚಿತ, ಗುಂಡಿಗಳಿಗೆ ಹಾಕುವ ಆರಾಸಾಕ್ (ARASAAC) ಚಿತ್ರಗಳೂ ಉಚಿತ. ಬಂಗಡೆ, ಗಂಜಿಯಂಥವಕ್ಕೆ ಮನೆಯ ತಟ್ಟೆಯದೇ ಫೋಟೊ ಹಾಕಿ. ಸ್ಟೀಲ್ ತಟ್ಟೆಯನ್ನು ಬಿಸಿಲಲ್ಲಿಟ್ಟು ತೆಗೆಯಬೇಡಿ. ಮಗು ಮೀನನ್ನು ಬಿಟ್ಟು ಹೊಳಪನ್ನೇ ನೋಡುತ್ತದೆ. ಯೂಟ್ಯೂಬ್ ತೆಗೆದುಹಾಕಿ, ಮಗು ಬೇರೆ ಆ್ಯಪಿಗೆ ಹೋಗದಂತೆ ಇದನ್ನೇ ಪರದೆಗೆ ಪಿನ್ ಮಾಡಿ. ಒಂದು ಸಲ ಕಾರ್ಟೂನ್ ಕಂಡ ಟ್ಯಾಬ್ ಆಮೇಲೆ ಮಾತಿಗೆ ಬರುವುದಿಲ್ಲ.

ಯಂತ್ರದ ಕನ್ನಡ ಧ್ವನಿ ನಮ್ಮ ಕಡೆ ನಡೆಯಲಿಲ್ಲ. ಕಾರವಾರದಲ್ಲಿ ಮನೆಮಾತು ಕೊಂಕಣಿ. ಶಿರಸಿಯ ಹವ್ಯಕರ ಮನೆಯ ಮಗು ಕುಡಿಯುವುದಕ್ಕೆ ಕೇಳಿ ಬೆಳೆದ ಮಾತು 'ಆಸರಿ'. ಹಾಗಾಗಿ ಪ್ರತಿ ಗುಂಡಿಗೂ ಅಮ್ಮನ ಧ್ವನಿಯನ್ನೇ ರೆಕಾರ್ಡ್ ಮಾಡಿಸುತ್ತೇನೆ, ಮನೆಯಲ್ಲಿ ಆಡುವ ಮಾತಿನಲ್ಲೇ.

ದುಡ್ಡು ದಂಡವಾದದ್ದು ಸದ್ದಿನ ವಿಷಯದಲ್ಲಿ. ತಗಡಿನ ಮಾಡಿನ ಮೇಲೆ ಮಳೆ ಸುರಿದರೆ ಟ್ಯಾಬಿನ ಸ್ಪೀಕರ್ ಕೇಳುವುದೇ ಇಲ್ಲ. ಬ್ಲೂಟೂತ್ ಸ್ಪೀಕರ್ ತಂದರೆ ಅದು ಸುಮ್ಮನಿದ್ದಾಗ ನಿದ್ದೆಗೆ ಜಾರಿ, ಎಚ್ಚರವಾಗುವಷ್ಟರಲ್ಲಿ ಮೊದಲ ಅಕ್ಷರ ನುಂಗುತ್ತದೆ. 'ಬೇಡ' ಒತ್ತಿದರೆ ಬರೀ 'ಡ'. ಸಾವಿರದಿನ್ನೂರೋ ಏನೋ ಹೋಯಿತು. ಈಗ ವೈರಿನ ಸ್ಪೀಕರ್. ಬ್ಲೂಟೂತೇ ಗತಿಯಾದರೆ ಪ್ರತಿ ರೆಕಾರ್ಡಿಂಗಿನ ಮುಂಚೆ ಒಂದು ಸೆಕೆಂಡು ಖಾಲಿ ಬಿಡಿ.

ಗುಂಡಿಯ ಜಾಗ ಮಾತ್ರ ಯಾವತ್ತೂ ಬದಲಾಗಬಾರದು. ಕೈಗೆ ಜಾಗ ರೂಢಿಯಾದ ಮೇಲೆ ಮಗು ಚಿತ್ರ ಹುಡುಕುತ್ತಾ ಕೂರುವುದಿಲ್ಲ. ಆದ್ದರಿಂದ ಮೊದಲೇ 24 ಚೌಕದ ಸ್ಥಿರ ಬೋರ್ಡ್ ಮಾಡಿ, 12 ಮಾತ್ರ ತುಂಬಿ. ಬೇಕು, ಬೇಡ, ಇನ್ನೂ, ಸಾಕು, ಸಹಾಯ, ನೋವು ಮೊದಲು. 'ಬೇಕು', 'ಬೇಡ' ಎದುರುಬದುರು ಮೂಲೆಗಿರಲಿ. ಬೆರಳು ಪಕ್ಕದ ಗುಂಡಿಗೆ ಜಾರದಂತೆ ಪರದೆಯ ಮೇಲೆ 3 ಮಿ.ಮೀ. ಅಕ್ರಿಲಿಕ್ ಹಾಳೆ: ನಾಮಫಲಕ ಬರೆಯುವ ಅಂಗಡಿಯವರು ಮುನ್ನೂರು ರೂಪಾಯಿ ಆಸುಪಾಸಿಗೆ ತೂತು ಕೊರೆದುಕೊಟ್ಟರು. ಅಂಚನ್ನು ಪಾಲಿಶ್ ಪೇಪರಿನಲ್ಲಿ ಉಜ್ಜದಿದ್ದರೆ ಕೆಲವು ಮಕ್ಕಳು ಬೆರಳೇ ಇಡುವುದಿಲ್ಲ. ಖಾಲಿ ಚೌಕಗಳ ಮೇಲೆ ತೂತು ಬೇಡ, ಹೊಸ ಪದ ಬಂದಾಗ ಕೊರೆಸಿ. ಸೆಕೆಗೆ ಬೆವೆತ ಕೈ ಒಂದೇ ಗುಂಡಿಯನ್ನು ಪದೇ ಪದೇ ಒತ್ತಿಸುತ್ತದೆ. ಸ್ಯಾಮ್‌ಸಂಗ್‌ನಲ್ಲಾದರೆ ಮರುಸ್ಪರ್ಶ ಕಡೆಗಣಿಸುವ ಸೆಟ್ಟಿಂಗನ್ನು ಅರ್ಧ ಸೆಕೆಂಡಿಗಿಡಿ.

"ಒತ್ತು, ಒತ್ತು" ಎಂದು ಬೆನ್ನುಬೀಳಬಾರದು. ದೊಡ್ಡವರೇ ಮಾತಾಡುತ್ತಾ ಒತ್ತಿ ತೋರಿಸಬೇಕು, ತಿಂಗಳುಗಟ್ಟಲೆ. ಬಹುತೇಕ ಮನೆಗಳಲ್ಲಿ ಸೋಲುವುದು ಇಲ್ಲೇ. ಹಟಮಾಡಿ ಟ್ಯಾಬ್ ಎಸೆಯುವ ಮಗುವನ್ನು ಒಗ್ಗಿಸುವ ನನ್ನದೊಂದು ಕೈಗುಟ್ಟಿದೆ; ಎದುರಿಗೆ ಬಂದವರಿಗಷ್ಟೇ ತೋರಿಸುತ್ತೇನೆ.

ಇದರ ನಡುವೆ ಬಸ್ಸಿನ ವಿಡಿಯೊವನ್ನೂ ಮಾಡಿ ನೋಡಿದೆ. ಕಾರವಾರ ನಿಲ್ದಾಣದಲ್ಲಿ ಬಸ್ ಹತ್ತುವುದು, ಟಿಕೆಟ್, ಕೂರುವುದು: ಮಗುವಿನ ಕಣ್ಣೆತ್ತರದಿಂದ ನಲವತ್ತು ಸೆಕೆಂಡು, ಮುಖಗಳಿಲ್ಲದೆ. ಹೊರಡುವ ಮುಂಚೆ ತೋರಿಸಿದರೆ ಮೆಟ್ಟಿಲಲ್ಲಿ ಆಗುವ ಗಲಾಟೆ ಎಷ್ಟೋ ಕಮ್ಮಿ. ಹಾರ್ನ್ ಸದ್ದನ್ನು ಮಾತ್ರ ತಗ್ಗಿಸಿ.

ಮಳೆಗಾಲದಲ್ಲಿ ಕರೆಂಟ್ ಹೋದರೂ ಮಾತು ನಿಲ್ಲಬಾರದು. ಅದೇ ಬೋರ್ಡನ್ನು ಅದೇ ಜಾಗಗಳಲ್ಲಿ ಕಾಗದಕ್ಕಿಳಿಸಿ ಲ್ಯಾಮಿನೇಟ್ ಮಾಡಿಸಿ. ಸುತ್ತ ಅರ್ಧ ಇಂಚು ಪ್ಲಾಸ್ಟಿಕ್ ಬಿಟ್ಟು ಕತ್ತರಿಸಿ, ಇಲ್ಲದಿದ್ದರೆ ಜುಲೈ ಹೊತ್ತಿಗೆ ಅಂಚು ಬಿಟ್ಟು ಒಳಗೆ ನೀರಿಳಿಯುತ್ತದೆ.